ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಸ್ವಂತ ರಕ್ತವನ್ನು ಮರಳಿ ಪಡೆಯುವುದು: ರೋಗಿಗಳೂ ಥಿಯೇಟರ್ ಸಿಬ್ಬಂದಿಯೂ ತಿಳಿದಿರಬೇಕಾದ ಸುರಕ್ಷತೆಯ ಹಂತಗಳು

ಹಾಸನದಲ್ಲಿ ಅರಿವಳಿಕೆ ಪೂರ್ವ ತಪಾಸಣೆಗೆಂದು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದರು. ಮೂತ್ರಪಿಂಡದಲ್ಲಿ ದೊಡ್ಡ ಗಡ್ಡೆ ಇತ್ತು, ರಕ್ತ ಹೆಚ್ಚಾಗಿ ಹೋಗುವ ಸಂಭವವಿತ್ತು, ಸಾಲದ್ದಕ್ಕೆ ಅವರ ರಕ್ತದ ಗುಂಪು ಓ ನೆಗೆಟಿವ್. ಶಸ್ತ್ರಚಿಕಿತ್ಸೆಯ ವೇಳೆ ಹೊರಬರುವ ರಕ್ತವನ್ನೇ ಹೀರಿ, ತೊಳೆದು, ಅವರಿಗೇ ವಾಪಸ್ ಕೊಡುವ ಯಂತ್ರವಿರುವ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ನಾನು ಹೇಳಿದಾಗ ಮಗ ತಕ್ಷಣ ಕೇಳಿದರು: "ಆ ರಕ್ತದಲ್ಲೇ ಕ್ಯಾನ್ಸರ್ ಇರಲ್ವಾ ಡಾಕ್ಟ್ರೇ? ಅದನ್ನೇ ತಿರುಗಾ ಮೈಯೊಳಕ್ಕೆ ಬಿಟ್ರೆ ಹೆಂಗೆ?" ತಂದೆ ಮಾತ್ರ ನಿರಾಳವಾಗಿ, "ನಂದೇ ರಕ್ತ ಅಲ್ವೇನಪ್ಪಾ, ಯಾರದ್ದೋ ರಕ್ತಕ್ಕಿಂತ ವಾಸಿ" ಎಂದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಮಗನ ಹೆದರಿಕೆಗೆ ಉತ್ತರ ಕೊಡಬಲ್ಲ ಹಂತಗಳನ್ನೆಲ್ಲ ಪಾಲಿಸಿದಾಗ ಮಾತ್ರ ತಂದೆಯ ಮಾತು ನಿಜವಾಗುತ್ತದೆ. ಆ ಹಂತಗಳನ್ನು, ರೋಗಿಯ ಮನೆಯವರಿಗೂ ಥಿಯೇಟರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಸಿಬ್ಬಂದಿಗೂ ಅರ್ಥವಾಗುವಂತೆ, ಇಲ್ಲಿ ವಿವರಿಸುತ್ತಿದ್ದೇನೆ.

ಹೆದರಿಕೆ ಎಲ್ಲಿಂದ ಬಂತು

ಸೋರಿದ ರಕ್ತವನ್ನು ರೋಗಿಗೇ ಮರಳಿಸುವ ಕ್ರಮವನ್ನು ಹೃದಯ, ಮೂಳೆ ಮತ್ತು ದೊಡ್ಡ ರಕ್ತನಾಳಗಳ ಶಸ್ತ್ರಚಿಕಿತ್ಸೆಗಳಲ್ಲಿ ದಶಕಗಳಿಂದ ಬಳಸಲಾಗುತ್ತಿದೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ ಇದು ಸಲ್ಲದೆಂದು 1986ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ವೈಜ್ಞಾನಿಕ ಸಮಿತಿ ಹೇಳಿತು. ಆ ಮಾತು ಪಠ್ಯಪುಸ್ತಕಗಳನ್ನು ಸೇರಿ ಬಹುಕಾಲ ನಿಯಮದಂತೆ ನಿಂತಿತು. ಹೆದರಿಕೆಗೆ ಆಧಾರವಿರಲಿಲ್ಲವೆಂದಲ್ಲ. ಜರ್ಮನಿಯ ಸಂಶೋಧಕರು 1995ರಲ್ಲಿ 61 ಕ್ಯಾನ್ಸರ್ ರೋಗಿಗಳ ಶಸ್ತ್ರಚಿಕಿತ್ಸೆಯಲ್ಲಿ ಸೋರಿದ ರಕ್ತವನ್ನು ಪರೀಕ್ಷಿಸಿದಾಗ 57 ಮಂದಿಯ ರಕ್ತದಲ್ಲಿ ಗಡ್ಡೆಯ ಜೀವಕೋಶಗಳು ಸಿಕ್ಕಿದ್ದವು. ಆದರೆ ಗಡ್ಡೆಯನ್ನು ಮುಟ್ಟಿ, ಎತ್ತಿ, ಬಿಡಿಸುವಾಗ ಅಂಥ ಜೀವಕೋಶಗಳು ರೋಗಿಯ ರಕ್ತನಾಳಗಳಿಗೂ ಸೇರುತ್ತವೆ. ಅನೇಕರಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ ಅವು ರಕ್ತದಲ್ಲಿ ಓಡಾಡುತ್ತಿರುತ್ತವೆ. ಹೀಗೆ ಓಡಾಡುವ ಜೀವಕೋಶಗಳಲ್ಲಿ ಬಹಳ ಕಡಿಮೆ ಮಾತ್ರ ಬೇರೆಡೆ ನೆಲೆಯೂರಿ ಬೆಳೆಯಬಲ್ಲವು.

ಇನ್ನೊಂದು ಕಡೆ, ದಾನಿಯ ರಕ್ತವೂ ಪೂರ್ತಿ ನಿರಪಾಯಕಾರಿಯಲ್ಲ. ಬೇರೆಯವರ ರಕ್ತ ಪಡೆದಾಗ ದೇಹದ ರೋಗನಿರೋಧಕ ಶಕ್ತಿ ಒಂದಷ್ಟು ಕಾಲ ಕುಗ್ಗುತ್ತದೆ. ಕರುಳಿನ ಕ್ಯಾನ್ಸರಿನಲ್ಲಿ ದಾನಿಗಳ ರಕ್ತ ಪಡೆದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಸ್ವಂತ ರಕ್ತ ಮರಳಿ ಪಡೆದವರಲ್ಲಿ ಮರುಕಳಿಕೆ ಹೆಚ್ಚೆಂದು ಇದುವರೆಗಿನ ಅಧ್ಯಯನಗಳು ತೋರಿಸಿಲ್ಲ. ಇವುಗಳಲ್ಲಿ ಹೆಚ್ಚಿನವು ಹಿಂದಿನ ದಾಖಲೆಗಳನ್ನು ಹೋಲಿಸಿದಂಥವು, ಚೀಟಿ ಎತ್ತಿ ರೋಗಿಗಳನ್ನು ವಿಂಗಡಿಸಿ ನಡೆಸಿದ ದೊಡ್ಡ ಪ್ರಯೋಗಗಳಲ್ಲ ಎಂಬುದನ್ನೂ ಓದುಗರು ಗಮನದಲ್ಲಿಡಬೇಕು. ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಪ್ರಾಸ್ಟೇಟ್ ಮತ್ತು ಮೂತ್ರಕೋಶವನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಈ ಕ್ರಮವನ್ನು ಬಳಸಬಹುದೆಂದು ಒಪ್ಪಿಕೊಂಡಿತು. ಅಂದರೆ ಬಾಗಿಲು ತೆರೆದಿದೆ, ಷರತ್ತುಗಳೊಂದಿಗೆ.

ಮೊದಲ ಹೆಜ್ಜೆ: ಆಪರೇಷನ್ನಿಗೆ ಮೂರು ನಾಲ್ಕು ವಾರ ಮೊದಲು

ಎಲ್ಲಕ್ಕಿಂತ ಸುರಕ್ಷಿತವಾದದ್ದು ಯಾರ ರಕ್ತವೂ ಬೇಕಾಗದಂತೆ ಮಾಡಿಕೊಳ್ಳುವುದು. ಗಂಡಸರಲ್ಲಿ ಹಿಮೋಗ್ಲೋಬಿನ್ 13 ಗ್ರಾಂಗಿಂತ, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ; ಅದರ ಕಾರಣವನ್ನು ಆಪರೇಷನ್ನಿನ ಹಿಂದಿನ ದಿನ ಹುಡುಕಲು ಹೊರಟರೆ ಬಾಟಲಿ ರಕ್ತ ಏರಿಸುವುದೊಂದೇ ದಾರಿ ಉಳಿಯುತ್ತದೆ. ಗಡ್ಡೆಯಿಂದ ದಿನದಿನವೂ ಒಸರುವ ರಕ್ತದಿಂದ ಕಬ್ಬಿಣಾಂಶ ಖಾಲಿಯಾಗಿದ್ದರೆ ಮಾತ್ರೆಯಿಂದಲೋ, ಸಮಯ ಕಡಿಮೆಯಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ನಿನಿಂದಲೋ ಅದನ್ನು ತುಂಬಿಕೊಳ್ಳಬಹುದು. ನಮ್ಮ ಸೀಮೆಯವರಿಗೆ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು: ಕಬ್ಬಿಣದ ಮಾತ್ರೆ ನುಂಗಿದ ಬೆನ್ನಿಗೇ ಕಾಫಿ ಕುಡಿದರೆ ಮಾತ್ರೆಯ ಬಹುಪಾಲು ಮೈಗೆ ಹತ್ತುವುದಿಲ್ಲ. ಮಾತ್ರೆಗೂ ಕಾಫಿಗೂ ನಡುವೆ ಒಂದೆರಡು ಗಂಟೆ ಬಿಡಬೇಕು. ಚಿಕ್ಕಮಗಳೂರಿನಲ್ಲಿ ಕುಳಿತು ಕಾಫಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೊತ್ತು ಬದಲಿಸಿಕೊಳ್ಳಿ ಎನ್ನುತ್ತೇನೆ.

ಇದೇ ಭೇಟಿಯಲ್ಲಿ ನೀವು ತೆಗೆದುಕೊಳ್ಳುವ ಎಲ್ಲ ಔಷಧಿಗಳ ಚೀಟಿಯನ್ನೂ ತೋರಿಸಿ. ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸಬಹುದೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ರಕ್ತದೊತ್ತಡಕ್ಕೆ ಎನಾಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆ ನುಂಗುವವರು ಅದನ್ನೂ ಹೇಳಬೇಕು. ಅದು ಏಕೆ ಮುಖ್ಯವೆಂದು ಮುಂದೆ ಫಿಲ್ಟರಿನ ವಿಚಾರದಲ್ಲಿ ತಿಳಿಯುತ್ತದೆ.

ನಂತರ ಶಸ್ತ್ರಚಿಕಿತ್ಸಕರನ್ನೂ ಅರಿವಳಿಕೆ ತಜ್ಞರನ್ನೂ ನೇರವಾಗಿ ಕೇಳಿ: ಎಷ್ಟು ರಕ್ತ ಹೋಗಬಹುದು? ನಿಮ್ಮಲ್ಲಿ ರಕ್ತ ಮರಳಿಸುವ ಯಂತ್ರ, ಅಂದರೆ ಸೆಲ್ ಸೇವರ್, ಇದೆಯೇ? ಕ್ಯಾನ್ಸರ್ ಪ್ರಕರಣಗಳಲ್ಲಿ ಬಳಸಿದ್ದೀರಾ? ಬಿಳಿ ರಕ್ತಕಣ ಸೋಸುವ ಫಿಲ್ಟರ್ ತರಿಸಿಡುತ್ತೀರಾ? ದೊಡ್ಡವರಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗುವ ನಿರೀಕ್ಷೆಯಿದ್ದಾಗ ಮಾತ್ರ ಈ ವ್ಯವಸ್ಥೆಗೆ ಅರ್ಥವಿದೆ. ಮೂತ್ರಪಿಂಡ, ಪ್ರಾಸ್ಟೇಟ್, ಮೂತ್ರಕೋಶ, ಗರ್ಭಕೋಶ, ಯಕೃತ್ತು, ಬೆನ್ನುಮೂಳೆಗೆ ಹರಡಿದ ಗಡ್ಡೆಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಸ್ತನದ ಗಡ್ಡೆಯಲ್ಲಿ ಸಾಮಾನ್ಯವಾಗಿ ಅಷ್ಟು ರಕ್ತ ಹೋಗುವುದಿಲ್ಲ. ನಮ್ಮಲ್ಲಿ ಹೊಗೆಸೊಪ್ಪು, ಗುಟ್ಕಾದಿಂದ ಹೆಚ್ಚಾಗಿ ಕಾಣುವ ಬಾಯಿಯ ಕ್ಯಾನ್ಸರಿನಲ್ಲಿ ಎಂಜಲೂ ಬ್ಯಾಕ್ಟೀರಿಯಾವೂ ರಕ್ತಕ್ಕೆ ಬೆರೆಯುವುದರಿಂದ ಅದನ್ನು ಮರಳಿಸುವ ಯೋಚನೆಯನ್ನು ಬಿಡುವುದೇ ಲೇಸು. ಕರುಳು ತೆರೆದು ಮಲ ಬೆರೆತ ರಕ್ತ, ಕೀವು ಬೆರೆತ ರಕ್ತಕ್ಕೂ ಇದೇ ಮಾತು.

ನಮ್ಮ ಜಿಲ್ಲೆಗಳಿಂದ ಇಂಥ ದೊಡ್ಡ ಆಪರೇಷನ್ನಿಗೆ ಜನ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುತ್ತಾರೆ, ಇಲ್ಲವೇ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಕಡೆಗೆ ಹೋಗುತ್ತಾರೆ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ರಕ್ತ ಕೊಡಲು ಹೊರಟ ನೆಂಟರು ದಾರಿಯಲ್ಲೇ ಉಳಿಯುತ್ತಾರೆ. ವಿರಳ ಗುಂಪಿನ ರಕ್ತವಾದರೆ ಕೇಳುವುದೇ ಬೇಡ. ಆದ್ದರಿಂದ ಯಂತ್ರದ ಪ್ರಶ್ನೆಯನ್ನು ಊರಿನಲ್ಲಿರುವಾಗಲೇ ಫೋನ್ ಮಾಡಿ ಕೇಳಿಕೊಳ್ಳಿ. ಯಂತ್ರವಿದ್ದರೂ ಬ್ಲಡ್ ಬ್ಯಾಂಕಿನಲ್ಲಿ ಹೊಂದಿಕೆ ನೋಡಿದ ರಕ್ತ ಸಿದ್ಧವಿರಲೇಬೇಕು. ಒಂದು ಇನ್ನೊಂದಕ್ಕೆ ಬದಲಿಯಲ್ಲ. ರಕ್ತ ಕೊಡಲು ಸ್ವಂತ ಮಕ್ಕಳು, ಒಡಹುಟ್ಟಿದವರು ಮುಂದೆ ಬಂದಾಗ ಆ ರಕ್ತವನ್ನು ನೇರವಾಗಿ ಅದೇ ರೋಗಿಗೆ ಕೊಡದೆ ಬ್ಲಡ್ ಬ್ಯಾಂಕಿಗೆ ಕೊಟ್ಟು ಬೇರೆ ದಾನಿಯ ರಕ್ತ ಪಡೆಯುವುದು ಒಳ್ಳೆಯದು. ಹತ್ತಿರದ ರಕ್ತಸಂಬಂಧಿಗಳ ಬಿಳಿ ಕಣಗಳು ರೋಗಿಯ ದೇಹದಲ್ಲಿ ಬೇರೂರಿ ಆ ದೇಹದ ಮೇಲೆಯೇ ದಾಳಿ ಮಾಡುವ ಅಪರೂಪದ, ಆದರೆ ಬಹುಪಾಲು ಪ್ರಾಣಾಂತಿಕವಾದ ತೊಂದರೆಯೊಂದಿದೆ. ವಿಕಿರಣಕ್ಕೆ ಒಡ್ಡದ ಹೊರತು ಅಂಥ ರಕ್ತವನ್ನು ಬಳಸಬಾರದು.

ಎರಡನೆಯದು: ತಿಳಿದು ಸಹಿ ಹಾಕುವುದು

ಸಾಮಾನ್ಯ ಆಪರೇಷನ್ನಿನ ಒಪ್ಪಿಗೆ ಪತ್ರ ಇದಕ್ಕೆ ಸಾಲದು. ಸೋರಿದ ರಕ್ತದಲ್ಲಿ ಗಡ್ಡೆಯ ಜೀವಕೋಶಗಳು ಇರಬಹುದು, ಫಿಲ್ಟರ್ ಅವುಗಳಲ್ಲಿ ಬಹುತೇಕ ಎಲ್ಲವನ್ನೂ ಹಿಡಿದರೂ ಒಂದೂ ಉಳಿಯುವುದಿಲ್ಲವೆಂಬ ಖಾತರಿಯಿಲ್ಲ, ದಾನಿಯ ರಕ್ತಕ್ಕೂ ಅದರದೇ ಅಪಾಯಗಳಿವೆ ಎಂಬ ಮೂರು ಮಾತುಗಳನ್ನು ರೋಗಿಗೆ ಕನ್ನಡದಲ್ಲಿ ಹೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಂಡು, ಬರೆದುಕೊಳ್ಳಬೇಕು. ಬೇಡ ಎನ್ನುವ ಹಕ್ಕು ರೋಗಿಗಿದೆ.

ಮೂರನೆಯದು: ಥಿಯೇಟರಿನೊಳಗೆ ಏನನ್ನು ಹೀರಬೇಕು, ಏನನ್ನು ಬಿಡಬೇಕು

ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಕೊಡುವ ರಕ್ತ ಎಂಥದ್ದೆಂಬುದರ ಮೇಲೆ ಸುರಕ್ಷತೆಯ ಅರ್ಧ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಮೇಜಿನ ಮೇಲೆ ಎರಡು ಸಕ್ಷನ್ ನಳಿಕೆಗಳಿರಬೇಕು. ಒಂದು ಯಂತ್ರದ ಸಂಗ್ರಹ ಪಾತ್ರೆಗೆ ಹೋಗುತ್ತದೆ, ಇನ್ನೊಂದು ಗೋಡೆಯ ಸಕ್ಷನ್ನಿಗೆ, ಅಂದರೆ ಚೆಲ್ಲುವುದಕ್ಕೆ. ಕತ್ತಿ ಗಡ್ಡೆಯ ಹತ್ತಿರವಿದ್ದಾಗ, ಗಡ್ಡೆ ಒಡೆದಾಗ, ಕರುಳು ಅಥವಾ ಮೂತ್ರನಾಳ ತೆರೆದುಕೊಂಡಾಗ ಎರಡನೆಯ ನಳಿಕೆಯನ್ನೇ ಬಳಸಬೇಕು. ಗಡ್ಡೆಯನ್ನು ಹೊರತೆಗೆದ ಮೇಲೆ ಜಾಗವನ್ನು ಧಾರಾಳವಾಗಿ ಸಲೈನಿನಿಂದ ತೊಳೆದು, ಆ ನೀರನ್ನೂ ಚೆಲ್ಲುವ ನಳಿಕೆಯಿಂದಲೇ ಹೀರಿ, ಅನಂತರ ಯಂತ್ರದ ನಳಿಕೆಗೆ ಮರಳಬಹುದು. ಇದಕ್ಕೆ ಶಸ್ತ್ರಚಿಕಿತ್ಸಕರು ಗಟ್ಟಿಯಾಗಿ "ಈಗ ಗಡ್ಡೆಯ ಹತ್ತಿರ" ಎಂದು ಹೇಳುವ ರೂಢಿ ಬೆಳೆಸಿಕೊಳ್ಳಬೇಕು. ಎರಡು ನಳಿಕೆಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿದರೆ ಗಡಿಬಿಡಿಯಲ್ಲಿ ಕೈತಪ್ಪುವುದಿಲ್ಲ.

ಹೀರುವ ಒತ್ತಡ 150 ಮಿಲಿಮೀಟರ್ ಪಾದರಸ ಮೀರಬಾರದು. ಜೋರಾಗಿ ಎಳೆದರೆ, ಅಥವಾ ನಳಿಕೆಯ ತುದಿಯನ್ನು ರಕ್ತದಲ್ಲಿ ಮುಳುಗಿಸದೆ ಮೇಲ್ಮೈಯಲ್ಲಿ ಗಾಳಿಯೊಂದಿಗೆ ಎಳೆದರೆ ಕೆಂಪು ಕಣಗಳು ಒಡೆಯುತ್ತವೆ. ರಭಸವಾಗಿ ರಕ್ತ ಹರಿಯುವ ಆ ಕೆಲ ನಿಮಿಷಗಳಲ್ಲಿ ಒತ್ತಡ ಏರಿಸಬೇಕಾಗಬಹುದು, ಅದು ಮುಗಿದೊಡನೆ ಇಳಿಸಬೇಕು. ಹೀರಿದ ರಕ್ತ ಹೆಪ್ಪುಗಟ್ಟದಂತೆ ಒಂದು ಲೀಟರ್ ಸಲೈನಿಗೆ 30,000 ಯೂನಿಟ್ ಹೆಪಾರಿನ್ ಬೆರೆಸಿದ ದ್ರಾವಣವನ್ನು ನಳಿಕೆಯ ಬಾಯಲ್ಲೇ ಹನಿಸುತ್ತಾರೆ. ನೂರು ಮಿಲಿಲೀಟರ್ ರಕ್ತಕ್ಕೆ ಸುಮಾರು 15 ಮಿಲಿಲೀಟರ್ ಲೆಕ್ಕ. ಹೆಪಾರಿನ್ ಆಗದವರಿಗೆ ಸಿಟ್ರೇಟ್ ದ್ರಾವಣವಿದೆ.

ರಕ್ತದಲ್ಲಿ ನೆನೆದ ಬಟ್ಟೆಗಳನ್ನು, ನಾವು ಮಾಪ್ ಎನ್ನುವವುಗಳನ್ನು, ಸಲೈನಿನಲ್ಲಿ ಅದ್ದಿ ಮೃದುವಾಗಿ ಹಿಂಡಿದರೆ ಗಣನೀಯ ಪ್ರಮಾಣದ ರಕ್ತ ಸಿಗುತ್ತದೆ. ಕ್ಯಾನ್ಸರಿನಲ್ಲಿ ಗಡ್ಡೆಗೆ ತಾಗಿದ ಮಾಪ್‌ಗಳನ್ನು ಈ ಬೋಗುಣಿಗೆ ಹಾಕಕೂಡದು. ಇಲ್ಲಿಯೇ ನಾನು ತರಬೇತಿಯ ದಿನಗಳಲ್ಲಿ ಕಣ್ಣಾರೆ ಕಂಡ ಒಂದು ತಪ್ಪನ್ನು ಹೇಳಬೇಕು. ಮಾಪ್ ಅದ್ದುವ ಬೋಗುಣಿಗೆ ಸಲೈನಿನ ಬದಲು ಬರೀ ಶುದ್ಧೀಕರಿಸಿದ ನೀರನ್ನು ಸುರಿದಿದ್ದರು. ಎರಡೂ ಬಾಟಲಿಗಳ ಆಕಾರ ಒಂದೇ, ಅಕ್ಷರ ಸಣ್ಣದು. ಬೋಗುಣಿಯಲ್ಲಿದ್ದ ರಕ್ತ ಮೊದಲು ಮಬ್ಬಾದ ಕೆಂಪಾಗಿತ್ತು. ಒಂದೆರಡು ನಿಮಿಷದಲ್ಲಿ ಅದು ತಿಳಿಯಾಗಿ, ತಳದಲ್ಲಿದ್ದ ಇಕ್ಕಳದ ತುದಿ ಕಾಣುವಷ್ಟು ಪಾರದರ್ಶಕವಾಗಿ, ದಾಳಿಂಬೆ ರಸದ ಬಣ್ಣಕ್ಕೆ ತಿರುಗಿತು. ಸೊಗಸಾಗಿ ಕಾಣುವ ಆ ಬಣ್ಣದ ಅರ್ಥ, ಕಣಗಳೆಲ್ಲ ನೀರು ಕುಡಿದು ಒಡೆದಿವೆ ಎಂದು. ಹಿರಿಯ ಸಿಸ್ಟರ್ ಒಬ್ಬರು ನೋಡಿ ತಡೆದದ್ದರಿಂದ ಅದು ಯಂತ್ರಕ್ಕೆ ಹೋಗಲಿಲ್ಲ. ಅಂದಿನಿಂದ ಸಲೈನ್ ಬಾಟಲಿಯ ಹೆಸರನ್ನು ಇಬ್ಬರು ಓದದೆ ಬೋಗುಣಿಗೆ ಸುರಿಯಲು ನಾನು ಬಿಡುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್, ಅಯೋಡಿನ್ ದ್ರಾವಣ, ಮೂಳೆಯ ಸಿಮೆಂಟ್, ರಕ್ತ ನಿಲ್ಲಿಸಲು ಉದುರಿಸುವ ಪುಡಿಗಳು, ಇವೂ ಯಂತ್ರದ ನಳಿಕೆಗೆ ಹೋಗಬಾರದ ಪಟ್ಟಿಯಲ್ಲಿವೆ.

ಖರ್ಚಿನ ಬಗ್ಗೆ ಒಂದು ಉಪಯುಕ್ತ ಮಾತು. ಯಂತ್ರದ ಪ್ಲಾಸ್ಟಿಕ್ ಸೆಟ್ ಒಬ್ಬ ರೋಗಿಗೆ ಒಂದು ಬಾರಿಗೆ ಮಾತ್ರ, ಅಗ್ಗವೂ ಅಲ್ಲ. ಮೊದಲು ಸಂಗ್ರಹ ಪಾತ್ರೆಯನ್ನಷ್ಟೇ ತೆರೆದಿಟ್ಟು, ಸಾಕಷ್ಟು ರಕ್ತ ಸೇರಿದ ಮೇಲೆ ಮಾತ್ರ ತೊಳೆಯುವ ಸೆಟ್ ತೆರೆಯುವಂತೆ ಕೇಳಿಕೊಂಡರೆ ಹಣ ವ್ಯರ್ಥವಾಗುವುದಿಲ್ಲ.

ನಾಲ್ಕನೆಯದು: ತೊಳೆಯುವುದು

ಸಂಗ್ರಹ ಪಾತ್ರೆಯಲ್ಲಿರುವ ಜಾಲರಿ ಹೆಪ್ಪು, ಕೊಬ್ಬಿನ ತುಣುಕು, ಮೂಳೆಯ ಚೂರುಗಳನ್ನು ತಡೆಯುತ್ತದೆ. ಅದರ ರಂಧ್ರ ಸಾಮಾನ್ಯವಾಗಿ 40 ಮೈಕ್ರಾನಿನಷ್ಟಿರುತ್ತದೆ. ಗಡ್ಡೆಯ ಬಿಡಿ ಜೀವಕೋಶ ಅದಕ್ಕಿಂತ ಚಿಕ್ಕದು, ಸಲೀಸಾಗಿ ದಾಟುತ್ತದೆ. ಮುಂದೆ ರಕ್ತ ಗಂಟೆಯಾಕಾರದ ಬೌಲಿಗೆ ಬರುತ್ತದೆ. ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಆ ಬೌಲಿನಲ್ಲಿ ತೂಕದ ಕೆಂಪು ಕಣಗಳು ಹೊರಗೋಡೆಗೆ ಅಂಟಿ ನಿಲ್ಲುತ್ತವೆ, ಹಗುರವಾದ ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳು, ಒಡೆದ ಕಣಗಳ ಹಿಮೋಗ್ಲೋಬಿನ್, ಹೆಪಾರಿನ್ ಎಲ್ಲವೂ ಒಳಭಾಗದಿಂದ ಮೇಲೆ ಬಂದು ಚೆಲ್ಲುವ ಚೀಲಕ್ಕೆ ಹೋಗುತ್ತವೆ. ಗದ್ದೆಯ ಅಂಚಿನಲ್ಲಿ ಮೊರ ಹಿಡಿದು ಜೊಳ್ಳು ತೂರುವ ಕೆಲಸವೇ ಇದು, ಗಾಳಿಯ ಬದಲು ತಿರುಗುವ ವೇಗ. ಗಡ್ಡೆಯ ಜೀವಕೋಶಗಳ ಸಾಂದ್ರತೆ ಬಿಳಿ ಕಣಗಳಿಗೆ ಹತ್ತಿರವಿದ್ದು, ಕೆಲವು ಕೆಂಪು ಕಣಗಳ ಪದರದ ಅಂಚಿನಲ್ಲೇ ಉಳಿಯುತ್ತವೆ. ಆದ್ದರಿಂದಲೇ ಕ್ಯಾನ್ಸರಿನಲ್ಲಿ ತೊಳೆದರೆ ಮಾತ್ರ ಸಾಲದು.

ಹಾಗೆಂದು ತೊಳೆಯುವುದನ್ನು ಹಗುರಾಗಿ ಕಾಣಬಾರದು. 225 ಮಿಲಿಲೀಟರ್ ಬೌಲಿಗೆ ಕನಿಷ್ಠ ಒಂದು ಲೀಟರ್ ಸಲೈನ್ ಹರಿಸಬೇಕು, ರಕ್ತ ಕಲುಷಿತವೆನ್ನಿಸಿದರೆ ಒಂದೂವರೆ ಲೀಟರ್. ಯಂತ್ರ ತಾನೇ ಮುಗಿಯಿತೆಂದು ಹೇಳಿದರೂ ಹೊರಹೋಗುವ ಕೊಳವೆಯನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಒಳ್ಳೆಯದು: ಆರಂಭದಲ್ಲಿ ಅದು ಬೀಟ್‌ರೂಟ್ ಬೇಯಿಸಿದ ನೀರಿನಂತಿದ್ದು, ಗುಲಾಬಿಯಾಗಿ, ಕೊನೆಗೆ ನೀರಿನಂತೆ ತಿಳಿಯಾಗಬೇಕು. ತಿಳಿಯಾಗುವವರೆಗೆ ನಿಲ್ಲಿಸಬೇಡಿ. ಬೌಲ್ ಅರ್ಧ ತುಂಬಿದಾಗ ತೊಳೆದರೆ ಕಣಗಳ ಪದರ ತೆಳುವಾಗಿರುವುದರಿಂದ ಸರಿಯಾಗಿ ತೊಳೆಯುವುದಿಲ್ಲ. ಪೂರ್ತಿ ತುಂಬುವವರೆಗೆ ಕಾಯುವುದು ಮೇಲು. ಕೊನೆಗೆ ಸಿಗುವುದು ಸಲೈನಿನಲ್ಲಿ ತೇಲುವ ಕೆಂಪು ಕಣ ಮಾತ್ರ, ಸಾಮಾನ್ಯವಾಗಿ ಅದರ ಹಿಮಾಟೊಕ್ರಿಟ್, ಅಂದರೆ ಕೆಂಪು ಕಣಗಳ ಪಾಲು, ಶೇಕಡ 50ರಿಂದ 60ರ ಆಸುಪಾಸು.

ಐದನೆಯದು: ಸೋಸುವುದು

ಬಿಳಿ ಕಣ ಸೋಸುವ ಫಿಲ್ಟರ್ ಬರೀ ರಂಧ್ರದ ಗಾತ್ರದಿಂದ ಕೆಲಸ ಮಾಡುವುದಿಲ್ಲ. ಒತ್ತಾಗಿ ಹೆಣೆದ ನಾರಿನ ಪದರಗಳಿಗೆ ಬಿಳಿ ಕಣಗಳೂ ಗಡ್ಡೆಯ ಜೀವಕೋಶಗಳೂ ಅಂಟಿಕೊಳ್ಳುತ್ತವೆ, ಮೃದುವಾದ ಕೆಂಪು ಕಣಗಳು ಬಾಗಿ ಬಳುಕಿ ದಾಟುತ್ತವೆ. ಪ್ರಯೋಗಾಲಯದ ಅಧ್ಯಯನಗಳಲ್ಲಿ ಸಾವಿರ ಜೀವಕೋಶಗಳಲ್ಲಿ 999ಕ್ಕಿಂತ ಹೆಚ್ಚನ್ನು ಇಂಥ ಫಿಲ್ಟರ್‌ಗಳು ತಡೆದಿವೆ. ಆದರೆ ನಾರಿಗೆ ಅಂಟುವ ಜಾಗ ಮುಗಿದ ಮೇಲೆ ಫಿಲ್ಟರ್ ಸೋಲುತ್ತದೆ. ತಯಾರಕರು ಹೇಳಿದ ಮಿತಿ ತಲುಪಿದೊಡನೆ ಬದಲಿಸಬೇಕು. ಉಳಿತಾಯದ ಲೆಕ್ಕ ಇಲ್ಲಿ ಸಲ್ಲದು.

ಫಿಲ್ಟರಿನ ಮೂಲಕ ರಕ್ತ ನಿಧಾನವಾಗಿ, ತನ್ನ ಭಾರದಿಂದಲೇ ಇಳಿಯಬೇಕು. ಅವಸರವೆಂದು ಚೀಲಕ್ಕೆ ಒತ್ತಡದ ಪಟ್ಟಿ ಸುತ್ತಿದರೆ ಎರಡು ಅನಾಹುತಗಳಿವೆ. ಒತ್ತಡಕ್ಕೆ ಅಂಟಿದ ಜೀವಕೋಶಗಳು ಬಿಡಿಸಿಕೊಂಡು ದಾಟಬಹುದು. ಯಂತ್ರದಿಂದ ಬಂದ ಚೀಲದಲ್ಲಿ ಗಾಳಿ ಇರುವುದರಿಂದ ಆ ಗಾಳಿ ನೇರವಾಗಿ ರಕ್ತನಾಳ ಸೇರಿ ಪ್ರಾಣ ಹೋಗಬಹುದು. ಎರಡನೆಯ ಕಾರಣಕ್ಕೆ ಯಾವ ಶಸ್ತ್ರಚಿಕಿತ್ಸೆಯಲ್ಲೂ, ಫಿಲ್ಟರ್ ಇರಲಿ ಇಲ್ಲದಿರಲಿ, ಈ ಚೀಲಕ್ಕೆ ಒತ್ತಡ ಹಾಕಬಾರದು. ಅಪರೂಪಕ್ಕೆ ಫಿಲ್ಟರಿನ ಮೂಲಕ ರಕ್ತ ಹೋಗುವಾಗ ರಕ್ತದೊತ್ತಡ ದಿಢೀರನೆ ಕುಸಿಯುತ್ತದೆ. ಎನಾಲಾಪ್ರಿಲ್ ಗುಂಪಿನ ಮಾತ್ರೆ ನುಂಗುವವರಲ್ಲಿ ಈ ಸಂಭವ ಹೆಚ್ಚು. ಮಾತ್ರೆಗಳ ಚೀಟಿ ತೋರಿಸಿ ಎಂದದ್ದು ಇದಕ್ಕೇ. ಒತ್ತಡ ಕುಸಿದರೆ ಮೊದಲು ಆ ರಕ್ತವನ್ನು ನಿಲ್ಲಿಸಬೇಕು, ಬೇರೆ ಕಾರಣ ಹುಡುಕುವುದು ಆಮೇಲೆ. ತಡೆಯಲಾಗದಂತೆ ರಕ್ತ ಹೋಗುತ್ತಿದ್ದರೆ ಫಿಲ್ಟರಿನ ನಿಧಾನಗತಿ ಸಾಲುವುದಿಲ್ಲ. ಆಗ ಸಿದ್ಧವಿರಿಸಿದ ದಾನಿಯ ರಕ್ತಕ್ಕೆ ಕೈಹಾಕಬೇಕು.

ಜರ್ಮನಿಯಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ: ತೊಳೆದ ರಕ್ತವನ್ನು 50 ಗ್ರೇ (ವಿಕಿರಣದ ಪ್ರಮಾಣದ ಅಳತೆ) ವಿಕಿರಣಕ್ಕೆ ಒಡ್ಡುವುದು. ಕೆಂಪು ಕಣಗಳಿಗೆ ಕೋಶಕೇಂದ್ರವಿಲ್ಲ, ಅವು ವಿಭಜನೆಗೊಳ್ಳುವುದೂ ಇಲ್ಲ, ಆದ್ದರಿಂದ ಉಳಿದುಕೊಳ್ಳುತ್ತವೆ. ಗಡ್ಡೆಯ ಜೀವಕೋಶಗಳು ಬೆಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಫಿಲ್ಟರಿಗಿಂತ ಇದು ಖಚಿತವಾದ ವಿಧಾನವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ವಿಕಿರಣ ಯಂತ್ರ ಅದೇ ಆವರಣದಲ್ಲಿರಬೇಕು, ಚೀಲ ಥಿಯೇಟರಿನಿಂದ ಹೋಗಿ ಬರಬೇಕು, ಅದಲುಬದಲಾಗದಂತೆ ಕಾಯಬೇಕು. ಜಿಲ್ಲಾ ಮಟ್ಟದಲ್ಲಿ ಅದು ಸದ್ಯಕ್ಕೆ ದೂರದ ಮಾತು. ನಮ್ಮ ಕೈಗೆಟುಕುವುದು ಫಿಲ್ಟರ್.

ಚೀಟಿ ಮತ್ತು ಗಡಿಯಾರ

ಚೀಲದ ಮೇಲೆ ರೋಗಿಯ ಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಸ್ವಂತ ರಕ್ತವೆಂಬ ಗುರುತು, ಸಂಸ್ಕರಣೆ ಮುಗಿದ ಸಮಯ ಇರಬೇಕು. ಅಲ್ಲಿಂದ ನಾಲ್ಕು ಗಂಟೆಯೊಳಗೆ ರಕ್ತ ಕೊಟ್ಟು ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಈ ಚೀಲ ರೋಗಿಯ ಪಕ್ಕದಲ್ಲೇ ಇರಬೇಕೇ ಹೊರತು ಬ್ಲಡ್ ಬ್ಯಾಂಕಿನ ಫ್ರಿಜ್ ಸೇರಬಾರದು. ಬೇರೆ ಚೀಲಗಳ ನಡುವೆ ಕಲೆತರೆ ಇನ್ನೊಬ್ಬರಿಗೆ ಹೋಗುವ ಅಪಾಯವಿದೆ. ರೋಗಿ ಐಸಿಯುಗೆ ಹೋಗುವಾಗ ಚೀಲವೂ ಜೊತೆಯಲ್ಲೇ ಹೋಗಲಿ, ಅಲ್ಲಿನ ಸಿಸ್ಟರ್‌ಗೆ ಬಾಯಿಮಾತಿನಲ್ಲೂ ಹೇಳಲಿ.

ಆಪರೇಷನ್ ಮುಗಿದ ಮೇಲೆ

ಮರಳಿದ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳಿರುವುದಿಲ್ಲ. ನಾಲ್ಕೈದು ಬೌಲ್ ರಕ್ತ ಮರಳಿಸಿದ್ದರೆ ಹಿಮೋಗ್ಲೋಬಿನ್ ಚೆನ್ನಾಗಿ ಕಂಡರೂ ಗಾಯ ಒಸರುತ್ತಲೇ ಇರಬಹುದು. ಪ್ಲೇಟ್‌ಲೆಟ್ ಸಂಖ್ಯೆ, ಹೆಪ್ಪುಗಟ್ಟುವ ಸಮಯ, ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನ್ ನೋಡಿ ಬೇಕಾದರೆ ಪ್ಲಾಸ್ಮಾ ಕೊಡಬೇಕು. ಮೂತ್ರದ ಚೀಲದ ಬಣ್ಣವನ್ನು ಮನೆಯವರೂ ಗಮನಿಸಬಹುದು. ಕಡು ಕಂದು, ಕಾಫಿ ಡಿಕಾಕ್ಷನ್ನಿನ ಬಣ್ಣ ಕಂಡರೆ ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಹೊರೆಯಾಗುತ್ತಿರಬಹುದು. ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಕೂಡಲೇ ಹೇಳಿ. ಚಳಿ, ನಡುಕ, ಜ್ವರಕ್ಕೂ ಹಾಗೆಯೇ.

ಸ್ವಂತ ರಕ್ತ ಪಡೆದಿದ್ದರಿಂದ ಮುಂದಿನ ತಪಾಸಣೆಗಳ ವೇಳಾಪಟ್ಟಿ ಬದಲಾಗುವುದಿಲ್ಲ; ಸ್ಕ್ಯಾನ್, ರಕ್ತಪರೀಕ್ಷೆಗಳು ಆ ಕ್ಯಾನ್ಸರಿಗೆ ಹೇಳಿದ ಅವಧಿಯಲ್ಲೇ ನಡೆಯಬೇಕು. ಆಪರೇಷನ್ ಬೆಂಗಳೂರಿನಲ್ಲಾಗಿ ತಪಾಸಣೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನಡೆಯುವುದೇ ಹೆಚ್ಚಾದ್ದರಿಂದ, ಡಿಸ್‌ಚಾರ್ಜ್ ಪತ್ರ ಕೈಗೆ ಬಂದಾಗ ಮೂರು ವಿವರಗಳಿವೆಯೇ ನೋಡಿಕೊಳ್ಳಿ: ಎಷ್ಟು ಮಿಲಿಲೀಟರ್ ಸ್ವಂತ ರಕ್ತ ಮರಳಿಸಲಾಯಿತು, ಫಿಲ್ಟರ್ ಬಳಸಿದ್ದರೋ ಇಲ್ಲವೋ, ದಾನಿಯ ರಕ್ತ ಎಷ್ಟು ಚೀಲ ಕೊಟ್ಟರು. ಇಲ್ಲದಿದ್ದರೆ ಬರೆಸಿಕೊಂಡೇ ಹೊರಡಿ.